ಅಜ್ಜನ ಮೊಣಕಾಲಿನಷ್ಟು ನೀರು

ದೋಣಿಯ ತಳ ಬಂಡೆಗೆ ತಾಗಿ ಹಲಗೆ ಬಿಟ್ಟುಕೊಳ್ಳಬಹುದು. ದೋಣಿ ನೂಕುವ ಗಳ ಕೆಸರಿನಲ್ಲಿ ಕಚ್ಚಿಕೊಂಡು, ಅದನ್ನು ಹಿಡಿದ ಅಪ್ಪ ಗಳಕ್ಕೇ ಜೋತುಬಿದ್ದು, ದೋಣಿ ಮಾತ್ರ ಉಳಿದವರನ್ನು ಹೊತ್ತು ಮುಂದೆ ಹೋಗಬಹುದು. ನೀರಿನೊಳಗಿನ ಜಾಲಿಯ ಬೊಡ್ಡೆ ಪಕ್ಕೆಗೆ ತಿವಿಯಬಹುದು. ಮೊಸಳೆ ಬರಬಹುದು, ಬರದಿದ್ದರೂ ಬಂತೆಂದು ಯಾರಾದರೂ ಕೂಗಿ, ಎಲ್ಲರೂ ಒಂದೇ ಬದಿಗೆ ಸರಿದುಬಿಟ್ಟರೆ ಆಮೇಲೆ ಮೊಸಳೆಯ ಅಗತ್ಯವೇ ಬೀಳುವುದಿಲ್ಲ. ಪಡುವಣ ಗಾಳಿ ಎದ್ದು ದೋಣಿಯ ಮೂತಿ ತಿರುಗಬಹುದು. ಬಿಸಿಲು ನೆತ್ತಿಗೇರಿ ಕಣ್ಣು ಕತ್ತಲೆಗಟ್ಟಬಹುದು. ಮುಂದೆ ಕುಳಿತ ಹುಡುಗಿ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳಲು ಬಗ್ಗಿ ತಲೆಕೆಳಗಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೂ ನಡುಹೊಳೆಯಲ್ಲಿರುವಾಗಲೇ ನೀರು ಇಳಿದುಹೋಗಿ, ದೋಣಿ ಕೆಸರಿನ ಮೇಲೆ ಎಮ್ಮೆಯ ಹಾಗೆ ಕುಳಿತುಬಿಡಬಹುದು.

ಇದನ್ನೆಲ್ಲ ಗಟ್ಟಿಯಾಗಿ ಹೇಳುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಹೇಳುವ ಹಕ್ಕು ಅಪ್ಪನ ತಾಯಿಯದು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಅಪ್ಪ ದೋಣಿ ಬಿಚ್ಚುವ ಮೊದಲು ಆಯಿ ಹಿತ್ತಲ ಹೊಸ್ತಿಲ ಮೇಲೆ ಕುಳಿತು, ಉಡಿಯಲ್ಲಿ ಜೋಳ ಇಟ್ಟುಕೊಂಡು, ಒಂದೊಂದು ಕೇಡಿನ ಹೆಸರು ಹೇಳಿ ಒಂದೊಂದು ಕಾಳನ್ನು ನೀರಿಗೆಸೆಯುತ್ತಿದ್ದಳು. ಬಾಜೂ ಮನೆಯವರು ಹೊರಡುವಾಗ ದೇವರ ಹೆಸರು ಹೇಳುತ್ತಾರೆ, ನಾವೇಕೆ ಮೊಸಳೆಯ ಹೆಸರು ಹೇಳುತ್ತೇವೆ ಎಂದು ನಾನೊಮ್ಮೆ ಕೇಳಿದ್ದೆ.

"ಹೇಳಿದ್ದನ್ನ ಹೊಳಿ ಮಾಡಂಗಿಲ್ಲ ಬಾಳಾ," ಎಂದಿದ್ದಳು ಆಯಿ. "ಇನ್ನೊಬ್ರು ಅಂದಿದ್ದನ್ನ ಮಾಡಾಕ ಅದೇನ ಆಳೇನು? ಅದಕ್ಕೂ ಮಾನ ಐತಿ."

ಈ ಮಾತನ್ನು ನಾನು ಈಗಲೂ ನಂಬುತ್ತೇನೆ. ಸಾಲಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ. ಮನೆಯವರು ಗೋಕಾಕಕ್ಕೆ ಹೊರಟು ನಿಂತರೆ ನಾನು ಬಸ್ಸಿನ ಟೈರಿನಿಂದ ಶುರುಮಾಡಿ, ಬ್ರೇಕು, ಡ್ರೈವರನ ನಿದ್ದೆ, ಎದುರು ಬರುವ ಕಬ್ಬಿನ ಗಾಡಿಗಳನ್ನೆಲ್ಲ ದಾಟಿ, ಸಂತೆಯಲ್ಲಿ ಕಾಲಿಗೆ ಚುಚ್ಚುವ ಮೊಳೆಯವರೆಗೆ ಬರುತ್ತೇನೆ. ಅವರು ಚಪ್ಪಲಿ ಮೆಟ್ಟಿಕೊಂಡು ತಾಳ್ಮೆಯಿಂದ ಕೇಳುತ್ತಾರೆ. ಕೊನೆಗೆ, "ಮುಗೀತೇನು? ಇನ್ನ ಸಾಯಾಕ ಏನೂ ಉಳದಿಲ್ಲ ಅಂತಾದ್ರ ಹೋಗಿ ಬರ್ತೇನಿ," ಎನ್ನುತ್ತಾರೆ. ಚಿಂತೆ ಮಾಡುವುದು ನನ್ನ ಸ್ವಭಾವ ಎಂದು ಎಲ್ಲರೂ ಹೇಳುತ್ತಾರೆ. ಸ್ವಭಾವವಲ್ಲ, ಅದು ಮನೆತನದ ಕಸುಬು. ದೋಣಿ ಹೋಯಿತು, ಕಸುಬು ಮಾತ್ರ ಉಳಿಯಿತು.

ನಮ್ಮ ಮನೆ ಇದ್ದದ್ದು ಧುಪದಾಳದ ಒಡ್ಡಿನ ಹಿನ್ನೀರಿನ ದಂಡೆಯಲ್ಲಿ. ಮುಂದಿನ ಬಾಗಿಲಿನಿಂದ ಊರು, ಹಿಂದಿನ ಬಾಗಿಲಿನಿಂದ ಘಟಪ್ರಭೆ. ನಡುವೆ ಇದ್ದದ್ದು ಒಂದೇ ಉದ್ದನೆಯ ಕೋಣೆ. ಅದರ ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ತೊಟ್ಟಿಲು, ತಲೆಯ ಮೇಲೆ ತೊಲೆಯಿಂದ ತೊಲೆಗೆ ಇಳಿಬಿಟ್ಟ ಬಲೆಗಳು. ಮಲಗಿ ಮೇಲೆ ನೋಡಿದರೆ ನಾವೇ ಸಿಕ್ಕಿಬಿದ್ದ ಹಾಗೆ ಕಾಣುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಮೀನಿನ ಸಾರು. ಸಾರಿನ ವಾಸನೆ ನನ್ನ ಜಡೆಯಲ್ಲಿ ಕುಳಿತು ನನಗಿಂತ ಮೊದಲೇ ಸಾಲಿ ಮುಟ್ಟುತ್ತಿತ್ತು. ಹೊಳೆ ದಾಟಲು ನಮ್ಮ ದೋಣಿ ಹತ್ತುವ ಲಿಂಗಾಯತ ಶೆಟ್ಟರು ಮೂಗಿಗೆ ಅಂಗವಸ್ತ್ರ ಹಿಡಿಯುತ್ತಿದ್ದರು. ಆದರೂ ಅಪ್ಪನನ್ನು ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು, ಯಾಕೆಂದರೆ ಅವರಿಗೆ ಈಜು ಬರುತ್ತಿರಲಿಲ್ಲ.

ಬೇಸಿಗೆಯಲ್ಲಿ ಹೊಳೆ ನಮ್ಮ ಹಿತ್ತಲಿಗೆ ಬಂದುಹೋಗುವ ನೆಂಟನಾಗುತ್ತಿತ್ತು. ಮಧ್ಯಾಹ್ನ ಒಡ್ಡಿನ ಬಳಿ ಕಾಲುವೆಯ ಬಾಗಿಲು ತೆಗೆದರೆಂದರೆ ನೀರೆಲ್ಲ ಹೊಲಗಳ ಕಡೆಗೆ ಹರಿದು, ನಮ್ಮ ಹಿನ್ನೀರು ಒಂದೇ ಸವನೆ ಇಳಿಯುತ್ತಿತ್ತು. ಸಂಜೆಗೆ ಕೆಸರಿನ ದಿಬ್ಬಗಳು ಬೆನ್ನು ತೋರಿಸುತ್ತಿದ್ದವು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಮೇಲಿನಿಂದ ಬಂದ ನೀರು ನಿಧಾನಕ್ಕೆ ತುಂಬುತ್ತಿತ್ತು. ನಾನು ಸಮುದ್ರ ನೋಡಿದವಳಲ್ಲ, ಆದರೆ ಭರತ–ಇಳಿತದ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಸಮುದ್ರಕ್ಕೆ ಅದನ್ನು ಮಾಡಲು ಚಂದ್ರ ಬೇಕಂತೆ. ನಮಗೆ ಕಾಲುವೆಯ ಚಕ್ರ ತಿರುಗಿಸುವ, ಬೀಡಿ ಸೇದುವ ಒಬ್ಬ ಮನುಷ್ಯ ಸಾಕಾಗಿದ್ದ.

ಆಚೆ ದಂಡೆಯ ಹಳ್ಳಿ ಅವ್ವನ ತವರು. ಹುಕ್ಕೇರಿಯ ಕಡೆಯ ಊರು. ನಮ್ಮ ಹಿತ್ತಲಲ್ಲಿ ನಿಂತರೆ ಅಲ್ಲಿಯ ಬೇವಿನ ಮರಗಳು ಕಾಣುತ್ತಿದ್ದವು, ಸಂಜೆಗೆ ಒಲೆಗಳ ಹೊಗೆ ಕಾಣುತ್ತಿತ್ತು. ಅಷ್ಟು ಹತ್ತಿರವಿದ್ದೂ ಅವ್ವ ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಊಟದ ಪಂಕ್ತಿಯಲ್ಲಿ ಅವ್ವನ ಅಣ್ಣ ಭರಮಪ್ಪಮಾವ, "ನಮ್ಮ ತಂಗೀನ ಒಯ್ದ ಕೆಸರಾಗ ಕೊಟ್ವಿ," ಎಂದಿದ್ದನಂತೆ. ನಗೆಯಾಡಿದ್ದೆಂದು ಮಾವ ಹೇಳುತ್ತಿದ್ದ. ಅಪ್ಪ ಎಲೆ ಬಿಟ್ಟು ಎದ್ದಿದ್ದ. ಹೀಗೆ ನನ್ನ ನೆಪದಲ್ಲಿ ಶುರುವಾದ ಜಗಳ ನನ್ನ ಜೊತೆಯಲ್ಲೇ ಬೆಳೆಯುತ್ತ, ನನಗಿಂತ ಚೆನ್ನಾಗಿ ಬೆಳೆದಿತ್ತು. ಅಪ್ಪ ಅವ್ವನಿಗೆ ಎಂದೂ ಹೋಗಬೇಡ ಎನ್ನಲಿಲ್ಲ. ಹೊಳೆ ತುಂಬಿದ್ದಾಗ ಸೆಳವು ಹೆಚ್ಚೆನ್ನುತ್ತಿದ್ದ, ಇಳಿದಾಗ ಕೆಸರು ಹೆಚ್ಚೆನ್ನುತ್ತಿದ್ದ, ಎರಡೂ ಇಲ್ಲದಾಗ ಬಲೆ ಹರಿದಿರುತ್ತಿತ್ತು. ಆಚೆ ಊರಿನ ಮಂದಿಯನ್ನು ಮಾತ್ರ ಎಲ್ಲ ಕಾಲದಲ್ಲೂ ದಾಟಿಸುತ್ತಿದ್ದ.

ಆ ಬೇಸಿಗೆಯಲ್ಲಿ ಹೊಳೆ ಎಂದಿಗಿಂತ ಬಡವಾಗಿತ್ತು. ಮೂಡಲಗಿಯ ಕಡೆಗೆ ಕುರಿ ಹೊಡೆದುಕೊಂಡು ಹೊರಟಿದ್ದ ಕುರುಬರ ಮುದುಕನೊಬ್ಬ ಬೆಳಿಗ್ಗೆ ನಮ್ಮ ಮುಂಬಾಗಿಲಿಗೆ ಬಂದು, ಕಂಬಳಿ ಇಳಿಸದೆಯೇ ಅವ್ವನಿಗೆ ಹೇಳಿದ:

"ಗಂಗವ್ವಾ, ನಿಮ್ಮವ್ವ ಕೂಳ ಬಿಟ್ಟಾಳ. ನಿನ್ನ ಹೆಸರ ಹಿಡದ ಕೂಗಾಕತ್ತಾಳ. ನಿಮ್ಮಣ್ಣ ಹೇಳಂದಾನ."

ಅವ್ವ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಸದ್ದು ಮಾತ್ರ ಜೋರಾಗುತ್ತ ಹೋಯಿತು. ಅಪ್ಪ ಹಿಂಬಾಗಿಲಿಗೆ ಹೋಗಿ, ಹಿತ್ತಲ ಮೆಟ್ಟಿಲುಗಳಲ್ಲಿ ನೀರು ಎಲ್ಲಿಗೆ ನಿಂತಿದೆ ಎಂದು ನೋಡಿ ಬಂದ.

"ನೀರ ಭಾಳ ಕಡಿಮಿ ಅದಾವು."

"ನೀರ ಜಾಸ್ತಿ ಇದ್ದಾಗ ಎಷ್ಟ ಸರತಿ ಕರಕೊಂಡ ಹೋಗೀರಿ?" ಎಂದಳು ಅವ್ವ, ಒಲೆಗೆ ಹೇಳುವ ಹಾಗೆ.

ಇನ್ನೊಂದು ಕಷ್ಟವಿತ್ತು, ಅದು ನೆಪವಲ್ಲ. ತೊಟ್ಟಿಲಲ್ಲಿದ್ದ ನನ್ನ ತಮ್ಮನಿಗೆ ದಡಾರ ಎದ್ದಿತ್ತು. ಮೈಯೆಲ್ಲ ಕೆಂಪು, ಮೊಲೆ ಬಿಟ್ಟು ಬೇರೇನೂ ಒಲ್ಲ. ದಡಾರವೆದ್ದ ಕೂಸನ್ನು ಹೊಳೆ ದಾಟಿಸಬಾರದೆಂಬುದು ನಮ್ಮವರಲ್ಲಿ ಕಟ್ಟುನಿಟ್ಟು. ಸುತ್ತು ಹಾಕಿ ನಡೆದು ಹೋದರೆ ಅವತ್ತೇ ತಿರುಗಿ ಬರುವಂತಿರಲಿಲ್ಲ. ಅಂದರೆ ಅವ್ವ ದೋಣಿಯಲ್ಲೇ ಹೋಗಬೇಕು, ಕಾಲುವೆಯ ಬಾಗಿಲು ತೆಗೆದು ನೀರು ಇಳಿಯುವ ಮುಂಚೆ ತಿರುಗಿ ಬರಬೇಕು. ತಡವಾದರೆ ತಾಯಿ ಆಚೆ, ಕೂಸು ಈಚೆ. ಹೋಗದಿದ್ದರೆ ಅವಳ ತಾಯಿ ಆಚೆ, ಅವಳು ಈಚೆ.

ಆಯಿ ತೊಟ್ಟಿಲಿನ ಹಗ್ಗ ಹಿಡಿದು, "ಲೇ ಭೀಮ್ಯಾ, ದೋಣಿ ಬಿಚ್ಚು. ಕೂಸನ್ನ ನಾ ನೋಡ್ಕೋತೇನಿ. ಆಡಿನ ಹಾಲ ಬತ್ತಿಲೆ ಬಾಯಾಗ ಹಿಂಡತೇನಿ, ಕುಡದ್ರ ಕುಡೀತೈತಿ," ಎಂದಳು. ಆಮೇಲೆ ಹೊಸ್ತಿಲಿಗೆ ಬಂದು ಉಡಿ ಬಿಚ್ಚಿ, ನಾನು ಮೊದಲೇ ಬರೆದ ಕೇಡುಗಳನ್ನೆಲ್ಲ ಹೇಳಿದಳು. ಅವತ್ತು ಜೋಳದ ಕಾಳು ಸಾಲದೆ ಬಂದು, ಕೊನೆಯ ಎರಡಕ್ಕೆ ಬರಿಗೈ ಬೀಸಿದಳು.

ನಮ್ಮ ಹಿನ್ನೀರಿನ ತಳ ಹೊಳೆಯ ತಳವಲ್ಲ. ಒಡ್ಡು ಕಟ್ಟಿದಾಗ ಮುಳುಗಿದ ಹೊಲಗಳು. ಬದುಗಳು, ಬಾಂದುಗಲ್ಲುಗಳು, ಕಡಿದ ಜಾಲಿಯ ಬೊಡ್ಡೆಗಳು ಎಲ್ಲ ಇದ್ದ ಹಾಗೆಯೇ ಕೆಳಗೆ ಇದ್ದವು, ಅವುಗಳ ಹೆಸರೂ ಇದ್ದವು. ನೀರು ತೆಳ್ಳಗಾದಾಗ ದೋಣಿ ಹೋಗುವ ದಾರಿ ಒಂದೇ: ಎರಡು ಬದುಗಳ ನಡುವೆ ಸವೆದು ತಗ್ಗಾಗಿದ್ದ ಹಳೆಯ ಗಾಡಿದಾರಿ. ಎತ್ತು ನಡೆದಲ್ಲಿ ದೋಣಿ ನಡೆಯುತ್ತಿತ್ತು. ಆ ದಾರಿ ಮೇಲಿನಿಂದ ಕಾಣುವುದಿಲ್ಲ. ಅಪ್ಪ ಹಿಂದೆ ನಿಂತು ಗಳ ಊರಿದರೆ, ಮುಂದೆ ಕುಳಿತವರು ಗಿಡ್ಡ ಕೋಲಿನಿಂದ ತಳ ಮುಟ್ಟಿ ಆಳ ಕೂಗಬೇಕು. ಮನೆಯಲ್ಲಿ ಹಗುರವಾದವಳು ನಾನು, ಹಾಗಾಗಿ ಮೂತಿಯ ಮೇಲೆ ನಾನು. ಕೋಲಿನ ಮೇಲೆ ದಾರ ಸುತ್ತಿದ ಗುರುತುಗಳಿದ್ದವು: ಪಾದದ ಕೀಲಿನ ಹರಡು, ಮೊಣಕಾಲು, ತೊಡೆ, ಟೊಂಕ. ಅವು ಸತ್ತುಹೋದ ನನ್ನ ಅಜ್ಜನ ಅಳತೆಗಳು. ಅವನನ್ನು ನಿಲ್ಲಿಸಿ ಕೋಲು ಹಿಡಿದು ಗುರುತು ಹಾಕಿದ್ದರಂತೆ. ನಮ್ಮ ಮನೆಗೆ ನೀರೆಂದರೆ ಅಜ್ಜನ ಮೈ. ನಾನು ನೋಡದ ಮನುಷ್ಯ, ಆದರೆ ಅವನ ಮೊಣಕಾಲು ನನಗೆ ನನ್ನ ಮೊಣಕಾಲಿಗಿಂತ ಚೆನ್ನಾಗಿ ಗೊತ್ತಿತ್ತು.

"ಮೊಣಕಾಲು!" ಎಂದು ಕೂಗಿದೆ. ಅಪ್ಪ ತಳ್ಳಿದ.

"ಮೊಣಕಾಲು! ... ಮೊಣಕಾಲಿಗಿಂತ ಕೆಳಗ!"

"ಬಲಕ್ಕೋ, ಎಡಕ್ಕೋ? ಗಟ್ಟಿ ಯಾವ ಕಡಿ ಹತ್ತತೈತಿ?"

"ಎಡಕ್ಕ ಕಲ್ಲ ಕಟಕಟ ಅಂತೈತಿ!"

"ಅದ ಗೌಡರ ಬದು. ಅದರ ಬಾಜೂಕನ ದಾರಿ. ಕೋಲ ಎತ್ತಬ್ಯಾಡ."

ದೋಣಿ ಗೌಡರ ಬದುವನ್ನು ಸವರಿಕೊಂಡು, ಹೊಟ್ಟೆ ತುಂಬಿದ ದನದ ಹಾಗೆ ನಿಟ್ಟುಸಿರು ಬಿಡುತ್ತ ಸಾಗಿತು. ನೀರಿನೊಳಗೆ ಕಣ್ಣಿಟ್ಟರೆ ಗಾಡಿಯ ಚಕ್ರದ ಕೊರೆತ ಕಂಡಂತಾಗುತ್ತಿತ್ತು, ಕೆಸರು ಎದ್ದು ಮುಚ್ಚಿಬಿಡುತ್ತಿತ್ತು. ಅಪ್ಪ ಹತ್ತು ಸಲ ತಳ್ಳಿದರೆ ಒಂದು ಸಲ ಹಿಂದಿರುಗಿ ಒಡ್ಡಿನ ದಿಕ್ಕು ನೋಡುತ್ತಿದ್ದ, ಅಲ್ಲಿ ಯಾರೋ ಅವನಿಗೆ ಗೊತ್ತಾಗದ ಹಾಗೆ ಬಾಗಿಲು ತೆಗೆಯುತ್ತಿರಬಹುದು ಎಂಬಂತೆ. ನಡುವಿಗೆ ಬಂದಾಗ ದಾರಿಯೇ ಹೂತುಹೋಗಿತ್ತು. ನನ್ನ ಕೋಲು ಹರಡಿನ ದಾರವನ್ನೂ ಪೂರ್ತಿ ನೆನೆಸಲಿಲ್ಲ.

"ಹರಡು!" ಎಂದು ಕೂಗುವಷ್ಟರಲ್ಲಿ ದೋಣಿ ಕುಳಿತಿತು.

ಅಪ್ಪ ಗಳ ಊರಿ ಬಾಗಿದ, ಕತ್ತಿನ ನರ ಉಬ್ಬಿತು, ದೋಣಿ ಅಲ್ಲಾಡಲಿಲ್ಲ. ಆಗ ಅವ್ವ ಸೀರೆಯ ಕಚ್ಚೆ ಎಳೆದು ಸಿಕ್ಕಿಸಿ ಸುಮ್ಮನೆ ಕೆಳಗಿಳಿದಳು. ಮೀನಖಂಡದವರೆಗೆ ಹೂತುಕೊಂಡು, ದೋಣಿಯ ಅಂಚಿಗೆ ಭುಜ ಕೊಟ್ಟಳು.

ಅಪ್ಪ ಮೇಲಿನಿಂದ ನೋಡಿ, ಬಹಳ ವರ್ಷಗಳ ಮೇಲೆ ಮೊದಲ ಸಲ, ಆ ಹಳೆಯ ಮಾತನ್ನು ತಾನೇ ಎತ್ತಿದ. "ನಿಮ್ಮಣ್ಣ ಅಂದಿದ್ದ ಖರೆ ಆತ ನೋಡು. ಕೆಸರಾಗ ಇಳದಿ."

"ಇದ ಯಾರ ಕೆಸರ ಅಂತ ಮಾಡೀರಿ?" ಎಂದಳು ಅವ್ವ ಏದುಸಿರಿನಲ್ಲಿ. "ನಡುವ ದಾಟಿದ ಮ್ಯಾಲ ನಮ್ಮಪ್ಪನ ಹೊಲ. ಇದ ನನ್ನ ತವರಮನಿ ಕೆಸರು. ನೀವ ಇಳೀರಿ ಈಗ, ನಿಮಗೂ ಸ್ವಲ್ಪ ಹತ್ತಲಿ."

ಅಪ್ಪ ನಕ್ಕು ಇಳಿದ. ಇಬ್ಬರೂ ಎರಡು ಬದಿಗೆ ಭುಜ ಕೊಟ್ಟು ತಳ್ಳಿದರು. ನಾನೊಬ್ಬಳೇ ದೋಣಿಯಲ್ಲಿ ಮಹಾರಾಣಿಯ ಹಾಗೆ ಕುಳಿತಿದ್ದೆ. ಅವರಿಬ್ಬರು ಹಾಗೆ ನಗುತ್ತ ಒಂದೇ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅನ್ನಿಸಿದ್ದು, ಈಗ ಮೊಸಳೆ ಬಂದರೆ ಇಬ್ಬರ ಕಾಲೂ ನೀರಿನಲ್ಲಿವೆ ಎಂದು.

ಆಚೆ ದಂಡೆಯಲ್ಲಿ ಭರಮಪ್ಪಮಾವ ಕಾಯುತ್ತ ನಿಂತಿದ್ದ. ಅವ್ವ ಕಾಲು ತೊಳೆಯದೆ ಓಡಿದಳು. ಅಪ್ಪ ದೋಣಿಯಲ್ಲೇ ಕುಳಿತ.

"ಬರ್ರಿ ಮನಿಗೆ. ಬಿಸಲಾಗ ಯಾಕ ಕುಂದ್ರತೀರಿ?" ಎಂದ ಮಾವ.

"ದೋಣಿ ಬಿಟ್ಟ ಬರಾಕ ಆಗಂಗಿಲ್ಲರಿ. ನೀರ ಇಳೀತಾವು."

"ನೀರ ಇಳದ್ರ ನಾ ಇಲ್ಲೇ ನಿಂತ ಕೂಗತೇನಿ. ನೀವ ಒಂದ ಗಳಿಗಿ ಒಳಗ ಬಂದ ಮುದುಕಿಗಿ ಮಾರಿ ತೋರಸ್ರಿ."

"ನಿಮಗ ನೀರಿಂದ ತಿಳಿಯಾಂಗಿಲ್ಲ."

ಮಾವ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆಯನ್ನು ದಂಡೆಯ ಕಲ್ಲಿನ ಮೇಲಿಟ್ಟು ಹೋದ. ಅವನ ಬೆನ್ನು ಬೇವಿನ ಮರದ ಹಿಂದೆ ಮರೆಯಾಗುವವರೆಗೆ ಕಾದು ಅಪ್ಪ ಅದನ್ನು ಗಟಗಟ ಕುಡಿದ. ಅಪ್ಪ ಹೆದರಿದ್ದು ನೀರಿಗೋ ಆ ಮನೆಯ ಬಾಗಿಲಿಗೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಒಂದು ಅಂಜಿಕೆಯನ್ನು ಇನ್ನೊಂದರ ಬೆನ್ನ ಮೇಲೆ ಕೂರಿಸಿದರೆ ಯಾವುದು ಎತ್ತು ಯಾವುದು ಹೇರು ತಿಳಿಯುವುದಿಲ್ಲ. ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ.

ನಾನು ಮನೆಗೆ ಹೋದಾಗ ಮುದುಕಿ ಪಡಸಾಲೆಯಲ್ಲಿ ಕೌದಿಯ ಮೇಲೆ ಇದ್ದಳು. ನನ್ನ ತಾಯಿಯ ತಾಯಿಯನ್ನು ನಾನು ಬುದ್ಧಿ ಬಂದ ಮೇಲೆ ನೋಡಿದ್ದು ಆಗಲೇ. ಇಷ್ಟು ಚಿಕ್ಕ ಮನುಷ್ಯಳಿಗಾಗಿ ಇಷ್ಟು ಕೆಸರು ತುಳಿದೆವೇ ಎನ್ನುವಷ್ಟು ಚಿಕ್ಕವಳು.

"ಯಾರವ್ವಾ?"

"ನಾನವ್ವಾ, ಗಂಗಿ."

"ಗಂಗಿ? ಹೊಳಿ ದಾಟಿ ಬಂದೇನ? ನೀರ ಎಷ್ಟ ಇದ್ದೂ?"

"ಇಲ್ಲಬೇ. ಹರಡ ಸೈತ ಮುಳಗಲಿಲ್ಲ."

ಮುದುಕಿ ಹೇಳಿದಳು: "ಹಂಗಾರ ನಡಕೋತನ ಬರಬೌದಿತ್ತಲ್ಲಬೇ, ಇಷ್ಟ ವರ್ಷ."

ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸಿಕೊಟ್ಟ ಹಾಗೆ ಹೇಳಿದಳು. ಅವ್ವ ಅಳುವಳೆಂದು ನಾನು ಕಾದೆ. ಅವ್ವ ಅಳಲಿಲ್ಲ, ಮುದುಕಿಯ ತಲೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಕೂದಲು ಜಡೆಗಟ್ಟಿ ಗಂಟುಗಂಟಾಗಿತ್ತು.

"ತಲಿ ತುರಸ್ತೈತಿ. ಸೊಸಿ ಕೈಗಿ ಕೊಡಂಗಿಲ್ಲ ನಾ. ಅಕಿ ಹುಲ್ಲ ಕಿತ್ತಂಗ ಕೀಳ್ತಾಳ. ನೀ ಬಿಡಸು," ಎಂದಳು ಮುದುಕಿ. ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕು, ಎಣ್ಣೆಯ ಬಟ್ಟಲು, ಕಟ್ಟಿಗೆಯ ಬಾಚಣಿಗೆ ತಂದಿಟ್ಟು ಒಳಗೆ ಹೋದಳು. ಅವ್ವ ಬಲಗಡೆಯಿಂದ ಶುರುಮಾಡಿದಳು. ಬೆರಳಿಗೆ ಎಣ್ಣೆ ಹಚ್ಚಿ, ಗಂಟನ್ನು ಬಲೆಯ ಸಿಕ್ಕು ಬಿಡಿಸುವ ಹಾಗೆ ತುದಿಯಿಂದ ಒಂದೊಂದೇ ಎಳೆ ಸಡಿಲಿಸಿ, ಆಮೇಲೆ ಬಾಚಣಿಗೆ ಆಡಿಸುತ್ತಿದ್ದಳು. ಆ ಕೈಚಳಕ ಈಚೆ ದಂಡೆಯಲ್ಲಿ ಕಲಿತದ್ದು. ಮುದುಕಿ ಕಣ್ಣು ಮುಚ್ಚಿ ಕುಂಯ್ ಎನ್ನುತ್ತ, ನಡುನಡುವೆ ಸತ್ತವರ, ಬದುಕಿದ್ದವರ ಹೆಸರು ಹೇಳುತ್ತ, ಒಂದು ಗುಟುಕು ಗಂಜಿಯನ್ನೂ ಕುಡಿದಳು. ಅರ್ಧ ತಲೆ ಬೆಳ್ಳಿಯ ಹಾಗೆ ಹರಡಿಕೊಂಡಿತು. ಅಷ್ಟರಲ್ಲಿ ದಂಡೆಯಿಂದ ಅಪ್ಪನ ಕೂಗು ಬಂತು.

"ಬರ್ರಿ! ಹೊತ್ತ ನೆತ್ತಿಗಿ ಬಂತು! ಕಾಲವಿ ಬಾಗಲಾ ತಗೀತಾರೀಗ!"

"ಇನ್ನೊಂದೀಟ ಐತಿ ಅಂತ ಹೇಳ ಹೋಗು," ಎಂದು ಅವ್ವ ನನ್ನನ್ನು ಕಳಿಸಿದಳು. ಹೇಳಿದೆ. ಅಪ್ಪ ನೀರಿನ ಅಂಚಿಗೆ ನೆಟ್ಟ ಕಡ್ಡಿ ತೋರಿಸಿ, ಅದು ಒಣಗಾಕತ್ತೈತಿ ಎಂದ. ನನಗೆ ಕಡ್ಡಿ ಇದ್ದ ಹಾಗೆಯೇ ಕಂಡಿತು, ಆದರೆ ಬಿಸಿಲಿನಲ್ಲಿ ಏನು ಒಣಗುತ್ತದೆ ಏನು ಇಳಿಯುತ್ತದೆ ಯಾರು ಬಲ್ಲರು. "ಕೂಸ ಅಳ್ತಿರತೈತಿ, ಅಂತ ಹೇಳು," ಎಂದ. ಅದನ್ನು ನಾನು ಹೇಳಬೇಕಾಗಲಿಲ್ಲ. ತಿರುಗಿ ಬಂದಾಗ ಅವ್ವನ ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು, ಮುದುಕಿಯ ಕಣ್ಣಿಗೂ ಅದು ಬಿದ್ದಿತ್ತು.

"ಹೋಗವ್ವಾ. ಕೂಸಿಂದ ನಿನಗ ಮೈಯಾಗ ತಿಳದೈತಿ. ನನ್ನ ತಲಿ ಎಲ್ಲಿಗಿ ಹೋಗತೈತಿ?"

"ಉಳದಿದ್ದ ನಾಳಿ ಬಂದ ಬಾಚತೇನಿ ಬೇ. ಎಡಕ ಮಗ್ಗಲ ಅಷ್ಟ ಐತಿ."

"ನಾಳಿ ಬಾ. ಇವತ್ತಿನ ನೀರ ಇದ್ರ ನಾಳಿ ಬರಬೌದು."

ತಿರುಗಿ ಬರುವಾಗ ಅಪ್ಪನಿಗೆ ಬೆಳಗಿನ ದಾರಿ ನೆನಪಿತ್ತು. ಹೂತಿದ್ದ ಜಾಗ ಬಿಟ್ಟು, ಎಡಕ್ಕೆ ಸರಿದು, ಅವ್ವನ ಅಪ್ಪನ ಹೊಲದ ಮಡುವಿನಲ್ಲಿ ದಾಟಿಸಿದ. ಗೌಡರ ಬದು ಒಮ್ಮೆಯೂ ತಾಗಲಿಲ್ಲ. ನಾನು ಮೊಣಕಾಲು ಮೊಣಕಾಲು ಎಂದು ಹಾಡಿದ ಹಾಗೆ ಕೂಗುತ್ತ ಬಂದೆ. ಅಪ್ಪ ಗೆದ್ದವನ ಹಾಗೆ ಗಳ ಆಡಿಸುತ್ತ, ನಾಳೆ ಮಾವನ ಮನೆಗೂ ಹೋಗಿಬಂದರಾಯಿತು, ಅದಕ್ಕೇನು ಎಂದ. ಅವ್ವ ಎದೆಯ ಮೇಲೆ ಕೈ ಕಟ್ಟಿಕೊಂಡು ಕುಳಿತಿದ್ದಳು. ಮನೆಗೆ ಬಂದು ನೋಡಿದರೆ ತಮ್ಮ ಆಡಿನ ಹಾಲು ಕುಡಿದು, ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದ್ದ. "ನೀ ಹೋದಾಗಿಂದ ಒಂದ ಸಲಾನೂ ಅತ್ತಿಲ್ಲ ನೋಡು," ಎಂದು ಆಯಿ ಹೆಮ್ಮೆಯಿಂದ ಹೇಳಿದಳು.

ಮರುದಿನ ಬೆಳಕು ಹರಿಯುವಾಗ ಆಚೆ ದಂಡೆಯಲ್ಲಿ ಮಾವ ಬಿಳಿ ಧೋತರ ಬೀಸುತ್ತ ನಿಂತಿದ್ದ. ಹೊಳೆಯ ಎರಡೂ ಕಡೆ ಅದಕ್ಕೆ ಒಂದೇ ಅರ್ಥ. ನಾವು ಹೋಗುವಷ್ಟರಲ್ಲಿ ಅತ್ತೆ ಮುದುಕಿಯ ತಲೆಗೂದಲನ್ನೆಲ್ಲ ಸೇರಿಸಿ, ಬಿಡಿಸಿದ್ದನ್ನೂ ಬಿಡಿಸದ್ದನ್ನೂ ಒಂದೇ ಗಂಟು ಹಾಕಿ ಕಟ್ಟಿಬಿಟ್ಟಿದ್ದಳು. ಅದನ್ನು ಬಿಚ್ಚಲು ಅವ್ವ ಕೈ ಹಾಕಲಿಲ್ಲ. ಅಪ್ಪ ಅವತ್ತು ಆ ಮನೆಯ ಬಾಗಿಲು ದಾಟಿ ಒಳಗೆ ಹೋದ, ಹೆಣಕ್ಕೆ ಹೆಗಲನ್ನೂ ಕೊಟ್ಟ, ಮಾವನ ಜೊತೆ ಒಂದೇ ಪಂಕ್ತಿಯಲ್ಲಿ ಉಂಡ. ಎಲ್ಲರೂ ಒಳ್ಳೆಯದಾಯಿತೆಂದರು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದರ ಹಿಂದಿನ ಮಧ್ಯಾಹ್ನ. ಕೂಸು ಏಳಲಿಲ್ಲ. ಅವ್ವನಿಗೆ ಎದೆ ಬಿಗಿದು ನೋವಾಗಿ, ಹಿತ್ತಲಿಗೆ ಹೋಗಿ ಹಾಲನ್ನು ಗೋಡೆಯ ಬುಡಕ್ಕೆ ಹಿಂಡಿ ಬಂದಳು. ಮೆಟ್ಟಿಲ ಮೇಲೆ ಕೂರುವಾಗ ಟೊಂಕದಲ್ಲಿ ಏನೋ ಚುಚ್ಚಿತು. ಅವಸರದಲ್ಲಿ ಬಾಚಣಿಗೆಯನ್ನು ಸಿಕ್ಕಿಸಿಕೊಂಡು ಬಂದುಬಿಟ್ಟಿದ್ದಳು. ಅದರ ಹಲ್ಲುಗಳಲ್ಲಿದ್ದ ಬಿಳಿಕೂದಲನ್ನು ಬಿಡಿಸಿ ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು. ಅಪ್ಪ ಕೆಳಗಿನ ಮೆಟ್ಟಿಲಿಗೆ ಹೋಗಿ ನೀರು ನೋಡಿದ. ಒಳಗೆ ಬಂದು ಎಲೆಅಡಿಕೆ ಹಾಕಿಕೊಂಡ. ಮತ್ತೆ ಹೋಗಿ ನೋಡಿದ. ನೆರಳು ಮೂಡಣಕ್ಕೆ ಉದ್ದವಾಗತೊಡಗಿತು. ದಿನವೂ ಆ ಹೊತ್ತಿಗೆ ಒಣಗಿ ಬಿಳಿಚಿಕೊಳ್ಳುತ್ತಿದ್ದ ಕೊನೆಯ ಮೆಟ್ಟಿಲು ಇನ್ನೂ ಒದ್ದೆಯಾಗಿಯೇ ಇತ್ತು. ಮೀನಿನ ಮರಿಗಳು ಅದರ ಪಾಚಿಯನ್ನು ಕಚ್ಚುತ್ತಿದ್ದವು. ಅಪ್ಪ ಬಗ್ಗಿ, ಕಣ್ಣನ್ನು ನಂಬದವನ ಹಾಗೆ, ಆ ಕಲ್ಲಿನ ಮೇಲೆ ಕೈಯಿಟ್ಟ. ಮಣಿಕಟ್ಟಿನವರೆಗೆ ಮುಳುಗಿತು. ಕೈ ಹೊರಗೆ ತೆಗೆಯದೆ, ಅವ್ವನ ಕಡೆಗೆ ನೋಡದೆ ಹೇಳಿದ:

"ಇವತ್ತ ಬಾಗಲಾ ತಗದಿಲ್ಲ ಕಾಣತೈತಿ. ನೀರ ಇಳದಿಲ್ಲ."